ಹತ್ತು ಸಾವಿರದ ಆರುನೂರು ಚುಕ್ಕೆ

ನಮ್ಮ ಕಸುಬಿನಲ್ಲಿ ಮೊದಲ ದಿನವೇ ತಲೆಗೆ ತುಂಬುವ ಮಾತೊಂದಿದೆ. ನೀನು ಬರೆದದ್ದು ಇನ್ನೊಬ್ಬ ನೋಡಿದ ತಕ್ಷಣ ಅರ್ಥವಾಗಬೇಕು. ಜಾಣತನ ಬೇಡ, ಅಲಂಕಾರ ಬೇಡ, ಓದುವವನ ಸಮಯ ತಿನ್ನಬೇಡ. ಆರೇಳು ವರ್ಷದಿಂದ ಇದನ್ನೇ ಕೇಳಿ, ಈಗೀಗ ಹೊಸಬರಿಗೆ ನಾನೇ ಹೇಳಿ ಹೇಳಿ, ಓದಲಿಕ್ಕಾಗದ ಬರಹ ಅಂದರೆ ಕೆಟ್ಟ ಬರಹ ಅಂತಲೇ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಇಂಥ ನನಗೆ 2022ರ ಕೊನೆಯಲ್ಲಿ ಒಂದು ಪುಸ್ತಕ ಎದುರಾಯಿತು. ಆಗ ಆನ್‌ಸೈಟ್ ಅಂತ ಕೆಲವು ತಿಂಗಳು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿದ್ದೆ. ವಾರಾಂತ್ಯ ಬಂದರೆ ಮಳೆ, ಮಳೆ ನಿಂತರೆ ಗಾಳಿ. ರೂಮಿನಲ್ಲಿ ಕೂತು ಎಷ್ಟು ಅಂತ ಅನ್ನ-ಸಾರು ಮಾಡೋದು? ಊರ ನಡುವಿನ ಲೇಂಗ್ ಆರ್ಟ್ ಗ್ಯಾಲರಿಯಲ್ಲಿ ಏನೋ ಹಳೆಯ ಪುಸ್ತಕ ಇಟ್ಟಿದ್ದಾರಂತೆ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಿಂದ ಬಂದಿದೆಯಂತೆ, ಡಿಸೆಂಬರ್ 3ಕ್ಕೆ ವಾಪಸ್ ಹೋಗುತ್ತದಂತೆ ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ಹೋದೆ. ಮಂದ ಬೆಳಕು, ಗಾಜಿನ ಪೆಟ್ಟಿಗೆ, ಸುತ್ತ ಉಸಿರು ಬಿಗಿಹಿಡಿದ ಜನ. ಸುಮಾರು 1300 ವರ್ಷ ಹಳೆಯದಾದ ಆ ಪುಸ್ತಕದ ಹೆಸರು ಲಿಂಡಿಸ್ಫಾರ್ನ್ ಸುವಾರ್ತೆಗಳು. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರು ಬರೆದ ಯೇಸುವಿನ ಕಥನಗಳ ಲ್ಯಾಟಿನ್ ಪ್ರತಿ.

ತೆರೆದಿಟ್ಟದ್ದು ಎರಡೇ ಪುಟ. ಉಳಿದದ್ದನ್ನು ನೋಡಲು ಗ್ಯಾಲರಿಯ ಅಂಗಡಿಯಲ್ಲಿ ಒಂದು ಚಿತ್ರಪುಸ್ತಕ ಕೊಂಡು, ರೂಮಿಗೆ ಬಂದು ಬಿಡಿಸಿದೆ. ಮತ್ತಾಯನ ಸುವಾರ್ತೆ ಶುರುವಾಗುವ ಪುಟ ಬಂತು. ಅದರಲ್ಲಿರುವುದು ಒಂದೇ ವಾಕ್ಯ, ಅದೂ ಯೇಸುವಿನ ವಂಶಾವಳಿಯ ಶೀರ್ಷಿಕೆಯಂಥದ್ದು. ಆದರೆ ಮೊದಲ ಮೂರು ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡು ಪುಟದ ಬಹುಭಾಗ ನುಂಗಿವೆ. ಅಕ್ಷರದ ಹೊಟ್ಟೆಯೊಳಗೆ ಹಕ್ಕಿ, ಹಕ್ಕಿಯ ಕೊಕ್ಕಿನಲ್ಲಿ ಇನ್ನೊಂದು ಹಕ್ಕಿಯ ಕತ್ತು, ಆ ಕತ್ತು ಬಳ್ಳಿಯಾಗಿ ಸುತ್ತಿ ಎಲ್ಲೋ ಮಾಯ. ಲ್ಯಾಟಿನ್ ಬಲ್ಲವರಿಗೂ ಇದು ಅಕ್ಷರ ಅಂತ ಗೊತ್ತಾಗಲು ಒಂದು ನಿಮಿಷ ಬೇಕು.

ಅದಕ್ಕೂ ಹಿಂದಿನ ಪುಟ ಇನ್ನೂ ವಿಚಿತ್ರ. ಅಲ್ಲಿ ಒಂದಕ್ಷರವೂ ಇಲ್ಲ! ಪೂರ್ತಿ ಹೆಣಿಗೆ, ಬಣ್ಣ, ನಡುವೆ ಒಂದು ಶಿಲುಬೆ. ಜಮಖಾನೆಯ ಹಾಗೆ ಕಾಣುವುದರಿಂದ ಇವಕ್ಕೆ ಕಾರ್ಪೆಟ್ ಪುಟ ಅಂತಲೇ ಹೆಸರು. ನಾಲ್ಕು ಸುವಾರ್ತೆಗಳಿಗೆ ನಾಲ್ಕು, ಪುಸ್ತಕದ ಆರಂಭಕ್ಕೆ ಒಂದು, ಹೀಗೆ ಐದು. ಐದರಲ್ಲೂ ಶಿಲುಬೆಯ ವಿನ್ಯಾಸ ಬೇರೆ ಬೇರೆ.

ಅಲ್ಲಿಗೆ ಕಾಗದ ಇನ್ನೂ ಬಾರದ ಕಾಲ. ಹಾಳೆ ಅಂದರೆ ಕರುವಿನ ಚರ್ಮ. (ಇದನ್ನು ಓದಿದಾಗ ಒಂದು ಕ್ಷಣ ಇರಿಸುಮುರಿಸಾದದ್ದು ನಿಜ. ಆಮೇಲೆ ಮೃದಂಗ ನೆನಪಾಯಿತು, ಸುಮ್ಮನಾದೆ.) ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಕೆರೆದು, ಚೌಕಟ್ಟಿಗೆ ಬಿಗಿದು, ಅರ್ಧಚಂದ್ರದಂಥ ಕತ್ತಿಯಿಂದ ಹೆರೆದು ಹೆರೆದು ತೆಳ್ಳಗೆ ಮಾಡಬೇಕು. ಈ ಪುಸ್ತಕದಲ್ಲಿ 250ಕ್ಕೂ ಹೆಚ್ಚು ಹಾಳೆಗಳಿವೆ. ಅಂದರೆ ನೂರಕ್ಕೂ ಮೀರಿದ ಕರುಗಳು. ಅಷ್ಟು ದುಬಾರಿ ಹಾಳೆಯ ಮೇಲೆ ಓದಲಿಕ್ಕಾಗದ ಅಕ್ಷರ ಯಾಕೆ? ಒಂದಕ್ಷರವೂ ಇಲ್ಲದ ಪುಟ ಯಾಕೆ? ನನ್ನ ಎಂಜಿನಿಯರ್ ತಲೆ ಅಲ್ಲಿಗೆ ಸಿಕ್ಕಿಹಾಕಿಕೊಂಡಿತು.

ಮೊದಲು ಹೊಳೆದ ಉತ್ತರ, ಶಾಲೆಯಲ್ಲಿ ನಾವೆಲ್ಲ ಕಲಿತದ್ದು: ಓದು ಬಾರದ ಜನಕ್ಕೆ ಚಿತ್ರದ ಮೂಲಕ ಧರ್ಮ ಹೇಳುವುದು. ಕ್ರಿ.ಶ. 600ರ ಸುಮಾರಿಗೆ ಪೋಪ್ ಗ್ರೆಗರಿ ಚರ್ಚಿನ ಚಿತ್ರಗಳನ್ನು ಒಡೆಸಿದ ಮಾರ್ಸೇಯ ಬಿಷಪ್ಪನಿಗೆ ಬರೆದ ಪತ್ರದಲ್ಲಿ ಇದೇ ವಾದ ಮಾಡಿದ್ದಾರೆ. ಆದರೆ ಇಲ್ಲಿ ಅದು ಹೊಂದುವುದಿಲ್ಲ. ಈ ಹೆಣಿಗೆಯಲ್ಲಿ ಕಥೆಯೇ ಇಲ್ಲವಲ್ಲ! ಯೇಸು ಹುಟ್ಟಿದ್ದು, ಸತ್ತದ್ದು, ಯಾವುದೂ ಇಲ್ಲ. ಹಕ್ಕಿ, ನಾಯಿಯಂಥ ಪ್ರಾಣಿ, ಗಂಟು, ಸುರುಳಿ, ಅಷ್ಟೇ. ಓದು ಬಾರದವನಿಗೆ ಇದರಿಂದ ಏನೂ ತಿಳಿಯುವುದಿಲ್ಲ.

ಎರಡನೆಯ ಉತ್ತರ: ಆಡಂಬರ. ಇದರಲ್ಲಿ ಸ್ವಲ್ಪ ನಿಜವಿದೆ. ಇಂಥ ಪುಸ್ತಕ ವೇದಿಕೆಯ ಮೇಲಿಟ್ಟು ಪೂಜ್ಯಭಾವದಿಂದ ನೋಡುವಂಥದ್ದು. ಆದರೂ ಬರಿಯ ಆಡಂಬರವಾದರೆ ದೂರದಿಂದ ಫಳಫಳ ಹೊಳೆದರೆ ಸಾಕಿತ್ತು. ಇಲ್ಲಿರುವ ಕೆಲಸ ಮೂಗು ಹಾಳೆಗೆ ತಾಗುವಷ್ಟು ಹತ್ತಿರ ಹೋದರೆ ಮಾತ್ರ ಕಾಣುವಂಥದ್ದು. ಚಿನ್ನವನ್ನಂತೂ ತೀರಾ ಚೂರು ಬಳಸಿದ್ದಾರೆ.

ಇದು ಎಲ್ಲಿ ಹುಟ್ಟಿತು ಅಂತ ನೋಡಿದರೆ ಸ್ವಲ್ಪ ದಾರಿ ಕಾಣುತ್ತದೆ. ಲಿಂಡಿಸ್ಫಾರ್ನ್ ಅನ್ನುವುದು ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಒಂದು ಪುಟ್ಟ ದ್ವೀಪ. ನ್ಯೂಕಾಸಲ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಗಂಟೆಗೂ ಹೆಚ್ಚಿನ ದಾರಿ. ಪ್ರದರ್ಶನ ನೋಡಿದ ಎರಡು ವಾರಕ್ಕೆ ಗೆಳೆಯನೊಬ್ಬನನ್ನು ಕಾಡಿಸಿ ಹೋಗಿ ಬಂದೆ. ದಿನಕ್ಕೆ ಎರಡು ಸಲ ಸಮುದ್ರ ರಸ್ತೆಯನ್ನೇ ಮುಳುಗಿಸುತ್ತದೆ. ಉಬ್ಬರವಿಳಿತದ ವೇಳಾಪಟ್ಟಿ ನೋಡಿಕೊಂಡೇ ದಾಟಬೇಕು. ಲೆಕ್ಕ ತಪ್ಪಿದವರಿಗಾಗಿ ದಾರಿ ಮಧ್ಯೆ ಕಂಬಗಳ ಮೇಲೆ ಒಂದು ಗುಡಿಸಲಿದೆ, ಕಾರು ಬಿಟ್ಟು ಹತ್ತಿ ಕೂರಲಿಕ್ಕೆ! ಅಲ್ಲಿ ಈಗ ಕಾಣುವ ಪಾಳು ಮಠ ಈ ಪುಸ್ತಕದ ಕಾಲದ್ದಲ್ಲ, ಎಷ್ಟೋ ಶತಮಾನ ಆಮೇಲಿನದು. ಹಳೆಯದರ ಪೈಕಿ ಹಾಗೇ ಉಳಿದದ್ದು ಗಾಳಿ ಮಾತ್ರ ಅಂತ ಗೆಳೆಯ ಜಾಕೆಟ್ಟು ಬಿಗಿಮಾಡಿಕೊಳ್ಳುತ್ತ ಗೊಣಗಿದ.

ಇಲ್ಲಿ ಮಠ ಕಟ್ಟಿದ್ದು ಐಡನ್ ಎಂಬ ಐರಿಷ್ ಸನ್ಯಾಸಿ, 635ರ ಸುಮಾರಿಗೆ. ಆತ ಬಂದದ್ದು ಸ್ಕಾಟ್ಲೆಂಡಿನ ಪಶ್ಚಿಮದ ಅಯೋನಾ ದ್ವೀಪದ ಮಠದಿಂದ. ಅಯೋನಾ ಸ್ಥಾಪಿಸಿದ ಕೊಲಂಬಾ ಸ್ವತಃ ದೊಡ್ಡ ಲಿಪಿಕಾರ. 597ರಲ್ಲಿ ಸಾಯುವ ಮುನ್ನಾದಿನ ಕೂಡ ಕೀರ್ತನೆಯೊಂದನ್ನು ನಕಲು ಮಾಡುತ್ತಾ ಕೂತಿದ್ದ, ಪುಟದ ಕೊನೆಗೆ ನಿಲ್ಲಿಸಿ, ಮುಂದಿನದನ್ನು ಶಿಷ್ಯ ಬರೆಯಲಿ ಎಂದ ಅಂತ ಅವನ ಚರಿತ್ರೆ ಬರೆದ ಆಡೋಮ್ನಾನ್ ಹೇಳುತ್ತಾನೆ. ಅಂದರೆ ಈ ಪರಂಪರೆಯಲ್ಲಿ ಬರೆಯುವುದು ಗುಮಾಸ್ತನ ಕೆಲಸವಲ್ಲ. ಅದಕ್ಕೂ ಹಿಂದೆ, ಆರನೆಯ ಶತಮಾನದ ಇಟಲಿಯಲ್ಲಿ ಕ್ಯಾಸಿಯೊಡೋರಸ್ ಎಂಬಾತ ಮಂತ್ರಿಗಿರಿ ಬಿಟ್ಟು ಮಠ ಕಟ್ಟಿಸಿ, ಧರ್ಮಗ್ರಂಥ ನಕಲು ಮಾಡುವವನು ಬಾಯಿ ತೆರೆಯದೆ ಕೈಬೆರಳಿನಿಂದಲೇ ಉಪದೇಶ ಮಾಡುತ್ತಾನೆ, ಲೇಖನಿಯಿಂದಲೇ ಸೈತಾನನನ್ನು ಇರಿಯುತ್ತಾನೆ ಎಂಬ ಅರ್ಥದಲ್ಲಿ ಬರೆದಿದ್ದ.

ಆ ಸನ್ಯಾಸಿಗಳು ಓದುತ್ತಿದ್ದ ರೀತಿಯೇ ಬೇರೆ. ಒಂದು ಸಾಲು ತೆಗೆದುಕೊಂಡು, ತುಟಿಯಲ್ಲಿ ಗುನುಗಿ, ಮತ್ತೆ ಮತ್ತೆ ಅದನ್ನೇ ಮನಸ್ಸಿನಲ್ಲಿ ಹೊರಳಿಸುವುದು. ಇದಕ್ಕೆ ಅವರು ಬಳಸುತ್ತಿದ್ದ ಲ್ಯಾಟಿನ್ ಪದದ ಅರ್ಥ ಏನು ಗೊತ್ತೇ? ಮೆಲುಕು ಹಾಕುವುದು! ಹಸು ಮೇದದ್ದನ್ನು ನಿಧಾನವಾಗಿ ಮತ್ತೆ ಅಗಿಯುವ ಹಾಗೆ. ಈ ದೃಷ್ಟಿಯಿಂದ ನೋಡಿದರೆ ಮತ್ತಾಯನ ಮೊದಲ ಪುಟ ಒಗಟಾಗಿ ಉಳಿಯುವುದಿಲ್ಲ. ಕಣ್ಣು ಓಡದ ಹಾಗೆ ಅಡ್ಡ ಕಟ್ಟಿದ ಕಟ್ಟೆ ಅದು. ನಮ್ಮ ರಸ್ತೆಯ ಹಂಪು ಅನ್ನಿ ಬೇಕಾದರೆ. ಕಾರ್ಪೆಟ್ ಪುಟವೂ ಹಾಗೇ. ಸುವಾರ್ತೆಯೊಳಗೆ ನುಗ್ಗುವ ಮೊದಲು ಹೊಸ್ತಿಲಲ್ಲಿ ನಿಲ್ಲು. ಈ ಹಸ್ತಪ್ರತಿಯ ಮೇಲೆ ಜೀವಮಾನವಿಡೀ ಕೆಲಸ ಮಾಡಿದ ವಿದ್ವಾಂಸೆ ಮಿಶೆಲ್ ಬ್ರೌನ್ ಈ ಪುಟಗಳನ್ನು ಪ್ರಾರ್ಥನೆಗೆ ಹಾಸುವ ಚಾಪೆಗೆ ಹೋಲಿಸಿದ್ದಾರೆ. ನೋಡುಗನಿಗೆ ಇದು ಧ್ಯಾನವಾದರೆ, ಮಾಡಿದವನಿಗೆ?

ಮಾಡಿದವನ ಹೆಸರು ಗೊತ್ತಿದೆ ಅನ್ನುವುದೇ ದೊಡ್ಡ ಅದೃಷ್ಟ. ಪುಸ್ತಕ ತಯಾರಾಗಿ ಸುಮಾರು 250 ವರ್ಷದ ನಂತರ ಆಲ್ಡ್ರೆಡ್ ಎಂಬ ಪಾದ್ರಿ ಕೊನೆಯಲ್ಲಿ ಒಂದು ಟಿಪ್ಪಣಿ ಸೇರಿಸಿದ್ದಾನೆ: ಇದನ್ನು ಬರೆದದ್ದು ಲಿಂಡಿಸ್ಫಾರ್ನಿನ ಬಿಷಪ್ ಈಡ್ಫ್ರಿತ್, ದೇವರಿಗಾಗಿ ಮತ್ತು ಸಂತ ಕತ್ಬರ್ಟನಿಗಾಗಿ. ರಟ್ಟು ಕಟ್ಟಿದ್ದು ಎಥೆಲ್ವಾಲ್ಡ್, ಹೊರಗಿನ ಲೋಹದ ಕುಸುರಿ ಏಕಾಂತವಾಸಿ ಬಿಲ್ಫ್ರಿತ್‌ನದು. ಇಷ್ಟು ತಡವಾಗಿ ಬರೆದದ್ದನ್ನು ಹೇಗೆ ನಂಬುವುದು ಅಂತ ಕೆಲವು ವಿದ್ವಾಂಸರು ತಕರಾರು ತೆಗೆದಿದ್ದಾರೆ. ತಕರಾರು ನ್ಯಾಯವೇ. ಆದರೆ ಅಕ್ಷರ ಮತ್ತು ಚಿತ್ರದ ಬಹುಪಾಲು ಒಂದೇ ಕೈಯದು ಅನ್ನುವುದನ್ನು ಹಸ್ತಪ್ರತಿ ನೋಡಿದವರು ಸಾಮಾನ್ಯವಾಗಿ ಒಪ್ಪುತ್ತಾರೆ. ಆ ಒಂದು ಕೈಗೆ ಒಂದು ಹೆಸರು ಬೇಕು. ನಾನು ಈಡ್ಫ್ರಿತ್ ಅಂತಲೇ ಕರೆಯುತ್ತೇನೆ.

ಈಡ್ಫ್ರಿತ್ 698ರಿಂದ 721ರಲ್ಲಿ ಸಾಯುವ ತನಕ ಬಿಷಪ್. ಕತ್ಬರ್ಟ್ ಅವನಿಗಿಂತ ಹಿಂದೆ ಅದೇ ಗದ್ದುಗೆಯಲ್ಲಿದ್ದವನು. ಜನಜಂಗುಳಿ ಬೇಡವೆಂದು ಫಾರ್ನ್ ಎಂಬ ಇನ್ನೊಂದು ದ್ವೀಪಕ್ಕೆ ಹೋಗಿ ಸಮುದ್ರಹಕ್ಕಿಗಳ ಜೊತೆ ಒಬ್ಬನೇ ಇದ್ದು, 687ರಲ್ಲಿ ಅಲ್ಲೇ ತೀರಿಕೊಂಡ. 698ರಲ್ಲಿ ಸಮಾಧಿ ತೆರೆದಾಗ ದೇಹ ಕೆಟ್ಟಿರಲಿಲ್ಲ ಅಂತ ಪ್ರತೀತಿ ಹುಟ್ಟಿ ದ್ವೀಪ ಯಾತ್ರಾಸ್ಥಳವಾಯಿತು. ಇತಿಹಾಸಕಾರ ಬೀಡ್ ಕತ್ಬರ್ಟನ ಚರಿತ್ರೆ ಬರೆದು ಅರ್ಪಿಸಿದ್ದು ಇದೇ ಈಡ್ಫ್ರಿತನಿಗೆ. ಅಂದರೆ ನಮ್ಮ ಲಿಪಿಕಾರ ಬಿಡುವಾಗಿ ಕೂತವನಲ್ಲ. ಚರ್ಚು, ಜಮೀನು, ರಾಜ, ಯಾತ್ರಿಕರು ಎಲ್ಲ ತಲೆಯ ಮೇಲಿದ್ದ ಮನುಷ್ಯ. ಅದರ ನಡುವೆ ಈ ಕೆಲಸ. ಎಷ್ಟು ವರ್ಷ ಹಿಡಿಯಿತು? ಬೇರೇನೂ ಮಾಡದೆ ಕೂತರೆ ಎರಡು ವರ್ಷ ಅಂತ ಒಬ್ಬರು, ಬಿಷಪ್ಪನ ಜವಾಬ್ದಾರಿ ಲೆಕ್ಕ ಹಿಡಿದರೆ ಹತ್ತು ವರ್ಷ ಅಂತ ಇನ್ನೊಬ್ಬರು.

ಅವನು ಕೆಲಸ ಮಾಡಿದ ಬಗೆ ನನಗೆ ತುಂಬಾ ಹಿಡಿಸಿತು. ಅಲಂಕಾರದ ಪುಟಗಳ ಹಿಂಬದಿಯಲ್ಲಿ ಕೈವಾರದ ಮುಳ್ಳಿನ ತೂತು, ಅಳತೆಯ ಚೌಕುಳಿ ಗೆರೆ ಈಗಲೂ ಕಾಣುತ್ತವೆ. ಮುಂದೆ ಕಾಡಿನಂತೆ ಬೆಳೆದ ಹೆಣಿಗೆ, ಹಿಂದೆ ಶಿಸ್ತಾದ ಗ್ರಾಫ್ ಹಾಳೆ! ಗೀರುವ ಮೊನೆಯ ಬದಲು ಸೀಸದ ಮೊನೆಯಿಂದ, ಅಂದರೆ ಪೆನ್ಸಿಲ್ಲಿನ ಮುತ್ತಾತನಿಂದ, ಹಿಂಬದಿಯಲ್ಲಿ ನಕ್ಷೆ ಬರೆದುಕೊಂಡು, ಬೆಳಕಿಗೆ ಹಿಡಿದು ಮುಂದಿನಿಂದ ಬಣ್ಣ ತುಂಬಿರಬೇಕು ಅಂತ ಮಿಶೆಲ್ ಬ್ರೌನ್ ಊಹಿಸುತ್ತಾರೆ. ಸೀಸದ ಮೊನೆ ಬೇರೆಡೆ ಬಳಕೆಗೆ ಬರಲು ಇನ್ನೂ ಶತಮಾನಗಳಿದ್ದವು.

ಧ್ಯಾನ ಅಂದರೆ ಕಣ್ಣು ಮುಚ್ಚಿ ತೇಲಿಹೋಗುವುದು ಅಂದುಕೊಂಡಿದ್ದ ನನಗೆ ಈ ಚೌಕುಳಿ ಗೆರೆಗಳು ದೊಡ್ಡ ಪಾಠ. ಒಂದು ಹೆಣಿಗೆಯ ಎಳೆ ಮೇಲೆ ಹೋದದ್ದು ಮುಂದೆ ಕೆಳಗೆ ಹೋಗಲೇಬೇಕು. ಒಂದೆಡೆ ಗಮನ ತಪ್ಪಿದರೆ ಹತ್ತು ಗಂಟು ಆಚೆ ಲೆಕ್ಕ ಕೂಡುವುದಿಲ್ಲ. ನಮ್ಮ ಬಗ್‌ಗಳ ಹಾಗೇ. ಹೀಗೆ ಗಮನ ಕದಲದ ಹಾಗೆ ಕೈಯನ್ನೇ ಕಟ್ಟಿಹಾಕುವ ಕೆಲಸವನ್ನು ಆತ ಆರಿಸಿಕೊಂಡಿದ್ದ.

ಲೂಕನ ಸುವಾರ್ತೆಯ ಆರಂಭದ ಪುಟಕ್ಕೆ ಬನ್ನಿ. ಅಕ್ಷರಗಳ ಸುತ್ತ, ನಡುವೆ, ಎಲ್ಲೆಲ್ಲೂ ಕೆಂಪು ಚುಕ್ಕೆ. ರಂಗೋಲಿಯ ಚುಕ್ಕೆಯಲ್ಲ, ಸೂಜಿಮೊನೆಯಷ್ಟು. ಎಣಿಸಿದವರಿದ್ದಾರೆ: ಒಂದೇ ಪುಟದಲ್ಲಿ ಸುಮಾರು 10,600. ಚುಕ್ಕೆಗೆ ಎರಡು ಸೆಕೆಂಡ್ ಅಂದರೂ ಬರೀ ಚುಕ್ಕೆಗೇ ಆರು ಗಂಟೆ. ನಡುವೆ ಶಾಯಿ ಅದ್ದಬೇಕು, ಬೆರಳು ಸೆಟೆದರೆ ಊದಿಕೊಳ್ಳಬೇಕು, ದಿನಕ್ಕೆ ಹಲವು ಸಲ ಪ್ರಾರ್ಥನೆಯ ಗಂಟೆಗೆ ಎದ್ದು ಹೋಗಬೇಕು. ಅದೇ ಪುಟದ ಅಂಚಿನಲ್ಲಿ ಒಂದು ತಮಾಷೆಯೂ ಇದೆ. ಬಲಗಡೆಯ ಚೌಕಟ್ಟೇ ಒಂದು ಬೆಕ್ಕು. ಅದರ ಉದ್ದ ಹೊಟ್ಟೆಯ ತುಂಬ ನುಂಗಿದ ಹಕ್ಕಿಗಳು, ಮುಖ ಮಾತ್ರ ಇನ್ನೂ ಮುಂದಿನ ಹಕ್ಕಿಗಳ ಕಡೆಗೇ :)

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ನನ್ನ ಅಜ್ಜಿ ರಾಮಕೋಟಿ ಬರೆಯುತ್ತಿದ್ದರು. ದಿನಾ ಮಧ್ಯಾಹ್ನ ಊಟವಾಗಿ, ಎಲೆ-ಅಡಿಕೆ ಮುಗಿಸಿ, ಕಿಟಕಿಯ ಕೆಳಗೆ ಕೂತು ಉದ್ದ ಪುಸ್ತಕದಲ್ಲಿ ರಾಮನಾಮ. ನಾನಾಗ ಎಂಜಿನಿಯರಿಂಗ್ ಮೊದಲ ವರ್ಷ, ಹೊಸದಾಗಿ ಲೂಪ್ ಬರೆಯಲು ಕಲಿತಿದ್ದೆ. ರಜೆಗೆ ಬಂದವನು ನಾಲ್ಕು ಸಾಲಿನ ಪ್ರೋಗ್ರಾಮಿನಲ್ಲಿ ಒಂದು ಲಕ್ಷ ಸಲ ಶ್ರೀರಾಮ ಅಂತ ಬರೆಸಿ, ಪುಟಕ್ಕೆ 500ರಂತೆ 200 ಹಾಳೆ, ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಜ್ಜಿಯ ಮುಂದಿಟ್ಟೆ. 'ತಗೋ ಅಜ್ಜಿ, ನಿನ್ನ ಒಂದು ವರ್ಷದ ಕೆಲಸ, ಒಂದು ಸೆಕೆಂಡಿನಲ್ಲಿ.' ಅಜ್ಜಿ ಕನ್ನಡಕ ಸರಿಮಾಡಿಕೊಂಡು ಒಂದೆರಡು ಹಾಳೆ ತಿರುವಿ ನೋಡಿದರು. 'ಚೆನ್ನಾಗಿ ಬಂದಿದೆ ಮಗಾ' ಅಂದು ಕಪಾಟಿನಲ್ಲಿಟ್ಟರು. ಮತ್ತೆ ತಮ್ಮ ಪುಸ್ತಕ ತೆಗೆದರು. ನಾನು ಗೆದ್ದೆ ಅಂದುಕೊಂಡೆ.

ನ್ಯೂಕಾಸಲ್ಲಿನ ರೂಮಿನಲ್ಲಿ 10,600 ಅನ್ನುವ ಅಂಕಿ ಓದಿದಾಗ ನೆನಪಾದದ್ದು ಆ ಕಪಾಟು. ಅಷ್ಟು ಹೊತ್ತಿಗೆ ಅಜ್ಜಿ ಇರಲಿಲ್ಲ.

ಇರಲಿ, ಪುಸ್ತಕಕ್ಕೆ ವಾಪಸಾಗೋಣ. ಇದರ ನೀಲಿಯ ಕಥೆ ಹೇಳಲೇಬೇಕು, ಯಾಕೆಂದರೆ ಅದು ನಮ್ಮೂರಿಗೂ ತಾಗುತ್ತದೆ. ಆ ನೀಲಿ ಅಫ್ಘಾನಿಸ್ತಾನದ ಬದಕ್ಷಾನಿನಿಂದ ಬಂದ ಲಾಜವರ್ದ ಕಲ್ಲಿನ ಪುಡಿ ಅಂತ 20ನೇ ಶತಮಾನದ ನಡುವೆ ಪರಿಣತರು ಬರೆದರು. ಎಂಟನೆಯ ಶತಮಾನದಲ್ಲಿ ಹಿಮಾಲಯದ ಆಚೆಯ ಕಲ್ಲು ಉತ್ತರ ಸಮುದ್ರದ ದ್ವೀಪಕ್ಕೆ! ಎಂಥ ರೋಮಾಂಚಕ ಕಥೆ. ಎಷ್ಟೋ ಪುಸ್ತಕಗಳಲ್ಲಿ ಇದೇ ಮುಂದುವರಿಯಿತು. 2004ರಲ್ಲಿ ಕ್ಯಾಥರಿನ್ ಬ್ರೌನ್ ಮತ್ತು ರಾಬಿನ್ ಕ್ಲಾರ್ಕ್ ಎಂಬ ರಸಾಯನ ವಿಜ್ಞಾನಿಗಳು ಹಾಳೆಯನ್ನು ಮುಟ್ಟದೆಯೇ ಲೇಸರ್ ಬೆಳಕು ಹಾಯಿಸಿ ಪರೀಕ್ಷಿಸಿದರು. ನೀಲಿ ಇಂಡಿಗೋ. ನಮ್ಮ ನೀಲಿಗಿಡದಲ್ಲಿರುವ ಅದೇ ಬಣ್ಣ, ಯುರೋಪಿನಲ್ಲಿ ವೋಡ್ ಎಂಬ ಗಿಡದ ಎಲೆಯಿಂದ ಬರುವಂಥದ್ದು. ಪರೀಕ್ಷೆಯ ಹೆಸರು ರಾಮನ್ ಸೂಕ್ಷ್ಮದರ್ಶನ. 1928ರಲ್ಲಿ ಕಲ್ಕತ್ತೆಯಲ್ಲಿ ರಾಮನ್ ಪರಿಣಾಮ ಕಂಡುಹಿಡಿದು, 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು, ಇಲ್ಲೇ 1970ರಲ್ಲಿ ತೀರಿಕೊಂಡ ಅದೇ ಸಿ.ವಿ. ರಾಮನ್. ನಾನು ಆಫೀಸಿಗೆ ಹೋಗುವ ದಾರಿಯಲ್ಲಿ ಸಿಗ್ನಲ್ ಬಿದ್ದು ನಿಲ್ಲುವುದು ಅವರ ಹೆಸರಿನ ರಸ್ತೆಯಲ್ಲೇ.

ಕಲ್ಲಿನ ಕಥೆ ಹೋದದ್ದಕ್ಕೆ ನನಗೇನೂ ಬೇಸರವಿಲ್ಲ. ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು. ಎಲೆ ಕೊಳೆಸಿ ತೆಗೆದ ನೀಲಿ, ಸೀಸ ಸುಟ್ಟು ತೆಗೆದ ಕೆಂಪು, ಓಕ್ ಮರದ ಗಂಟುಕಾಯಿ ಮತ್ತು ಕಬ್ಬಿಣದ ಲವಣ ಸೇರಿಸಿದ ಕಪ್ಪು ಶಾಯಿ, ಹಕ್ಕಿಗರಿಯ ಲೇಖನಿ. ಬಹುಪಾಲು ಕೈಗೆಟುಕುವ ಸಾಮಗ್ರಿಯಿಂದಲೇ ಅಷ್ಟೂ ಛಾಯೆಗಳನ್ನು ಬೆರೆಸಿ ತೆಗೆದಿದ್ದಾನೆ.

ಪುಸ್ತಕ ಪೂರ್ತಿಯಾಗಲಿಲ್ಲ. ಅಲ್ಲಲ್ಲಿ ಸಣ್ಣ ಸಣ್ಣ ಭಾಗಗಳು ಬಣ್ಣವಿಲ್ಲದೆ ಉಳಿದಿವೆ. ಕೆಲವು ಶೀರ್ಷಿಕೆಗಳನ್ನು ಇನ್ನೊಂದು ಕೈ ತುಂಬಿದೆ. ವಿನಯಕ್ಕಾಗಿ ಬೇಕೆಂದೇ ಬಿಟ್ಟ ಕೊರತೆ, ಪರಿಪೂರ್ಣತೆ ದೇವರಿಗೆ ಮಾತ್ರ ಅನ್ನುವುದು ಒಂದು ವಿವರಣೆ. 721ರಲ್ಲಿ ಈಡ್ಫ್ರಿತ್ ಸತ್ತುಹೋದ, ಅಷ್ಟೇ ಅನ್ನುವುದು ಇನ್ನೊಂದು. ನನ್ನ ಮತ ಎರಡನೆಯದಕ್ಕೆ.

ಮುಂದಿನದ್ದು ಓಟದಲ್ಲಿ ಹೇಳಿಬಿಡುತ್ತೇನೆ. 793ರ ಜೂನ್ 8ರಂದು ವೈಕಿಂಗರು ದ್ವೀಪದ ಮೇಲೆ ಬಿದ್ದು ಕೊಂದು ದೋಚಿದರು. 875ರಲ್ಲಿ ಸನ್ಯಾಸಿಗಳು ಕತ್ಬರ್ಟನ ಶವಪೆಟ್ಟಿಗೆ ಹೊತ್ತು ಹೊರಟುಬಿಟ್ಟರು. ವರ್ಷಗಟ್ಟಲೆ ಅಲೆದು 883ರಲ್ಲಿ ಚೆಸ್ಟರ್-ಲಿ-ಸ್ಟ್ರೀಟ್, 995ರಲ್ಲಿ ಡರ್ಹಮ್. ದಾರಿಯಲ್ಲಿ ಪುಸ್ತಕ ಸಮುದ್ರಕ್ಕೆ ಬಿದ್ದು, ನೀರು ಇಳಿದಾಗ ಒಂದು ಕಲೆಯೂ ಇಲ್ಲದೆ ಸಿಕ್ಕಿತು ಅಂತ ಐತಿಹ್ಯ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಮಠಗಳನ್ನೆಲ್ಲ ರಾಜ ಮುಚ್ಚಿಸಿದ ಮೇಲೆ ಅದು ರಾಬರ್ಟ್ ಕಾಟನ್ ಎಂಬ ಸಂಗ್ರಾಹಕನ ಕೈಸೇರಿ, ಅವನ ಸಂಗ್ರಹದ ಜೊತೆ 1753ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂತು. ಬಿಲ್ಫ್ರಿತ್ ಮಾಡಿದ ಲೋಹದ ಹೊದಿಕೆ ಉಳಿಯಲಿಲ್ಲ.

ಚೆಸ್ಟರ್-ಲಿ-ಸ್ಟ್ರೀಟಿನಲ್ಲಿದ್ದಾಗಲೇ ಆಲ್ಡ್ರೆಡ್ ಬಂದದ್ದು. ಸುಮಾರು 950 ಮತ್ತು 970ರ ನಡುವೆ. ಅವನು ಕೊನೆಯ ಟಿಪ್ಪಣಿ ಮಾತ್ರ ಬರೆದವನಲ್ಲ. ಈಡ್ಫ್ರಿತನ ಗಂಭೀರ ಲ್ಯಾಟಿನ್ ಸಾಲುಗಳ ನಡುವೆ ಚಿಕ್ಕ ಚಿಕ್ಕ ಅಕ್ಷರದಲ್ಲಿ, ಪದಕ್ಕೆ ಪದ, ಹಳೆಯ ಇಂಗ್ಲಿಷಿನ ಅರ್ಥ ಬರೆದ. ಇಂಗ್ಲಿಷಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಸುವಾರ್ತಾನುವಾದ ಇದೇ. ಮೊದಲ ಸಲ ನೋಡಿದಾಗ ಕೋಪ ಬಂತು. ಇಷ್ಟು ಚೆಂದದ ಪುಟದ ಮೇಲೆ ಗೀಚುವುದೇ! ಆಮೇಲೆ ಇದು ನಮ್ಮ ಕೋಡಿನ ಕಾಮೆಂಟು ತಾನೇ ಅನ್ನಿಸಿತು. ಆದರೆ ಅದಕ್ಕೂ ಹೆಚ್ಚಿನದು. ಮತ್ತಾಯನ ಭಾಗವನ್ನು ದೇವರಿಗೂ ಕತ್ಬರ್ಟನಿಗೂ, ಮಾರ್ಕನದನ್ನು ಬಿಷಪ್ಪನಿಗೆ, ಲೂಕನದನ್ನು ಸಮುದಾಯಕ್ಕೆ, ಯೋಹಾನನದನ್ನು ತನಗಾಗಿ, ತನ್ನ ಆತ್ಮಕ್ಕಾಗಿ ಮಾಡಿದೆ ಅಂತ ಬರೆದುಕೊಂಡಿದ್ದಾನೆ. ಆ ಯೋಹಾನನ ಭಾಗದಲ್ಲಿ ಹೆಚ್ಚಿನದಕ್ಕೆ ಕೆಂಪು ಶಾಯಿ. ಸುಂದರ ಪುಟದ ಪಕ್ಕದಲ್ಲಿ ಎರಡು ಶತಮಾನ ಆದ ಮೇಲೂ ಒಬ್ಬ ಕೂತು, ಪದ ಪದಕ್ಕೂ ನಿಂತು, ನಾಲ್ಕೂ ಸುವಾರ್ತೆ ದಾಟಿದ್ದಾನೆ. ಈಡ್ಫ್ರಿತ್ ಕಟ್ಟಿದ ಹಂಪು ಕೆಲಸ ಮಾಡಿದ್ದಕ್ಕೆ ಇದಕ್ಕಿಂತ ಸಾಕ್ಷಿ ಯಾಕೆ?

ಹಾಗಂತ ಕ್ರೈಸ್ತ ಸನ್ಯಾಸಿಗಳೆಲ್ಲ ಇದನ್ನು ಒಪ್ಪಿದರು ಅಂದುಕೊಳ್ಳಬೇಡಿ. ಫ್ರಾನ್ಸಿನ ಸಿತೋ ಮಠದಲ್ಲಿ 1111ರಲ್ಲಿ ಮುಗಿದ ಒಂದು ಗ್ರಂಥದ ಅಕ್ಷರಗಳು ಬಲು ಮಜವಾಗಿವೆ. ಮರ ಸೀಳುವ ಸನ್ಯಾಸಿಗಳೇ ಬಾಗಿ ಅಕ್ಷರವಾಗಿದ್ದಾರೆ. ಅದೇ ಪಂಗಡದ ಬರ್ನಾರ್ಡ್ 1125ರ ಸುಮಾರಿಗೆ ಕಟುವಾಗಿ ಬರೆದ: ಮಠದ ಕಂಬಗಳ ಮೇಲೆ ಕೋತಿ, ಸಿಂಹ, ಅರೆಮನುಷ್ಯರು ಯಾಕೆ, ಸನ್ಯಾಸಿ ಪುಸ್ತಕ ಬಿಟ್ಟು ಕಲ್ಲನ್ನೇ ಓದುತ್ತಾ ದಿನ ಕಳೆಯುತ್ತಾನಲ್ಲ ಎಂಬುದು ಅವನ ತಕರಾರು. ಅವನ ಮಾತು ಕಲ್ಲಿನ ಕೆತ್ತನೆಯ ಬಗ್ಗೆ. ಆದರೆ ಸಿಸ್ಟರ್ಸಿಯನ್ ಪಂಗಡ ಪುಸ್ತಕಕ್ಕೂ ನಿಯಮ ಮಾಡಿತು: ಅಕ್ಷರ ಒಂದೇ ಬಣ್ಣದಲ್ಲಿರಬೇಕು, ಚಿತ್ರ ಕೂಡದು. ನಮ್ಮ ಆಫೀಸಿನ ಕೋಡಿಂಗ್ ನಿಯಮಾವಳಿ ಓದಿದ ಹಾಗೇ ಇದೆ! ಬರ್ನಾರ್ಡನ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಬೆಕ್ಕಿನ ಹೊಟ್ಟೆಯಲ್ಲಿ ಎಷ್ಟು ಹಕ್ಕಿ ಅಂತ ಎಣಿಸುತ್ತಾ ಕೂತವನು ಲೂಕನನ್ನು ಓದುವುದು ಯಾವಾಗ? ನಾನೇ ಎಣಿಸಿದವನು, ನಾನೇ ಉತ್ತರ ಹೇಳಬೇಕು. ಲೂಕನ ಸುವಾರ್ತೆಯ ಕನ್ನಡ ಅನುವಾದವನ್ನು ನಾನು ಮೊದಲ ಸಲ ಓದಿದ್ದು ಆ ಬೆಕ್ಕಿನ ದೆಸೆಯಿಂದ.

ಆಮೇಲೆ ಈ ಕೆಲಸ ಮಠದಿಂದ ಪೇಟೆಗೆ ಬಂತು. 13ನೇ ಶತಮಾನದ ಪ್ಯಾರಿಸ್ಸಿನಲ್ಲಿ ಸಂಬಳದ ಚಿತ್ರಕಾರರು, ಶ್ರೀಮಂತರಿಗೆ ಪ್ರಾರ್ಥನಾ ಪುಸ್ತಕಗಳು, ಕೊನೆಗೆ ಅಚ್ಚಿನ ಯಂತ್ರ. ಕಥೆ ಮುಗಿಯಿತು ಅನ್ನುವಾಗ 1998ರಲ್ಲಿ ಅಮೆರಿಕದ ಮಿನೆಸೋಟದ ಸೇಂಟ್ ಜಾನ್ಸ್ ಮಠದ ಬೆನೆಡಿಕ್ಟೀನ್ ಸನ್ಯಾಸಿಗಳು ಡೊನಾಲ್ಡ್ ಜಾಕ್ಸನ್ ಎಂಬ ಲಿಪಿಕಲಾವಿದನಿಗೆ ಇಡೀ ಬೈಬಲ್ಲನ್ನು ಕೈಯಲ್ಲೇ ಬರೆಯಲು ವಹಿಸಿದರು. ಮತ್ತೆ ಕರುವಿನ ಚರ್ಮ, ಮತ್ತೆ ಹಕ್ಕಿಗರಿ. ಆದರೆ ಯಾವ ಸಾಲು ಎಲ್ಲಿ ಮುರಿಯಬೇಕು ಅನ್ನುವ ಲೆಕ್ಕಕ್ಕೆ ಕಂಪ್ಯೂಟರ್. ಮುಗಿದದ್ದು 2011ರಲ್ಲಿ. ಒಂದು ಕಡೆ ಲಿಪಿಕಾರರೊಬ್ಬರು ಇಡೀ ಸಾಲನ್ನೇ ಬಿಟ್ಟುಬಿಟ್ಟಿದ್ದರು. ಅಳಿಸಲಿಲ್ಲ. ಬಿಟ್ಟ ಸಾಲನ್ನು ಪುಟದ ಕೆಳಗೆ ಬರೆದು, ಜೇನುಹುಳವೊಂದು ರಾಟೆ ಹಗ್ಗ ಕಟ್ಟಿ ಅದನ್ನು ಸರಿಯಾದ ಜಾಗಕ್ಕೆ ಎಳೆಯುತ್ತಿರುವ ಹಾಗೆ ಚಿತ್ರ ಬರೆದರು. ಇಂಥ ಬಗ್ ಫಿಕ್ಸ್ ನಾನು ಜನ್ಮದಲ್ಲಿ ಕಂಡಿಲ್ಲ.

2010ರ ದಶಕದಲ್ಲಿ ಅಗಲ ಅಂಚಿನ ಬೈಬಲ್ ಕೊಂಡು, ಓದಿದ ವಚನದ ಪಕ್ಕ ಬಣ್ಣದ ಪೆನ್ಸಿಲ್ಲಿನಲ್ಲಿ ಚಿತ್ರ ಬಿಡಿಸುತ್ತಾ ಪ್ರಾರ್ಥಿಸುವ ಅಭ್ಯಾಸ ಮನೆಮನೆಗೂ ಬಂತು, ಅಮೆರಿಕದಲ್ಲಂತೂ ಜೋರಾಗಿ. ಚಿತ್ರದ ಕೆಳಗೆ ವಾಕ್ಯವೇ ಮುಚ್ಚಿಹೋಗುತ್ತದೆ ಎಂಬ ತಕರಾರೂ ಜೊತೆಗೇ ಬಂತು. ಬರ್ನಾರ್ಡ್ ಇದ್ದಿದ್ದರೆ ತಲೆಯಾಡಿಸುತ್ತಿದ್ದ.

2023ರಲ್ಲಿ ಬೆಂಗಳೂರಿಗೆ ವಾಪಸಾದೆ. ದಸರೆಗೆ ಊರಿಗೆ ಹೋದಾಗ ಮನೆ ಸಾರಣೆ ನಡೆದಿತ್ತು. ಅಜ್ಜಿಯ ಕಪಾಟು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ರಾಮಕೋಟಿಯ ಪುಸ್ತಕಗಳ ಕೆಳಗೆ ನನ್ನ 200 ಹಾಳೆ, ನೂಲಿನಿಂದ ಹೊಲಿದು ಕಟ್ಟಿದ್ದು. ಬಿಡಿಸಿದೆ. ಪ್ರಿಂಟಾದ ಬದಿ ಹಾಗೇ ಇತ್ತು. ಪ್ರತಿ ಹಾಳೆಯ ಹಿಂದಿನ ಖಾಲಿ ಬದಿಯಲ್ಲಿ ಅಜ್ಜಿ ಸ್ಕೇಲಿನಿಂದ ಗೆರೆ ಎಳೆದುಕೊಂಡು ರಾಮನಾಮ ಬರೆದಿದ್ದರು. ಒಂದು ಸಾಲು ಕೆಂಪು, ಒಂದು ಸಾಲು ನೀಲಿ. ನೂರಾ ಎಪ್ಪತ್ತರ ಹತ್ತಿರ ಎಲ್ಲೋ ಅಕ್ಷರ ದೊಡ್ಡದಾಗುತ್ತಾ, ಗೆರೆ ಬಿಟ್ಟು ಇಳಿಯುತ್ತಾ ಹೋಗಿ, ನಿಂತಿತ್ತು. ಉಳಿದವು ಖಾಲಿ.

ಅದೇ ಅಕ್ಟೋಬರ್ ತಿಂಗಳ ಕೊನೆಗೆ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆಯಿತು. ಅಂತರ್ಜಾಲದಲ್ಲಿ ಪುಟಪುಟವಾಗಿ ನೋಡಬಹುದಾಗಿದ್ದ ಹಸ್ತಪ್ರತಿಗಳು ತಿಂಗಳುಗಟ್ಟಲೆ ಕಾಣದಾದವು. ಹಾಗಾಗಿ ಮೊನ್ನೆ ಭಾನುವಾರ ನಾನು ಕೂತದ್ದು ನ್ಯೂಕಾಸಲ್‌ನಲ್ಲಿ ಕೊಂಡ ಚಿತ್ರಪುಸ್ತಕ ಮತ್ತು ಒಂದು ಭೂತಗನ್ನಡಿ ಹಿಡಿದು. ಲೂಕನ ಪುಟ. ಫೋಟೋ ತೆಗೆದು ಹತ್ತು ಸಾಲು ಕೋಡ್ ಬರೆದರೆ ಚುಕ್ಕೆಗಳನ್ನು ಅದೇ ಎಣಿಸಿಕೊಡುತ್ತದೆ ಅಂತ ಗೊತ್ತು. ಬರೆಯಲಿಲ್ಲ. ಪೆನ್ಸಿಲ್ ಮೊನೆ ಇಟ್ಟು ಒಂದು, ಎರಡು ಅಂತ ಶುರುಮಾಡಿದೆ. 740ರ ಹತ್ತಿರ ಕುಕ್ಕರ್ ಕೂಗಿತು, ಎದ್ದು ಹೋಗಿ ಬರುವಷ್ಟರಲ್ಲಿ ಎಲ್ಲಿ ಬಿಟ್ಟೆ ಅಂತ ಮರೆತೇಹೋಯಿತು.